ತಮ್ಮ ನನಗಿಂತ ಚೆನ್ನಾಗಿ ಹಾಡುತ್ತಾನೆ, ಈಗೇನು ಮಾಡಲಿ?

ರಿದಂ ಗಿಟಾರ್:
ನಮ್ಮದು ನಾಲ್ಕು ಜನರ ಬ್ಯಾಂಡ್. ಶುರು ಮಾಡಿದ್ದು ನಾನು, ಮೊದಲೆರಡು ವರ್ಷ ಹಾಡಿದ್ದೂ ನಾನೇ. ಆಮೇಲೆ ತಮ್ಮ ಡಿಗ್ರಿ ಮುಗಿಸಿ ಬಂದು ಸೇರಿಕೊಂಡ. ಈಗ ಹಾಡು ಬರೆಯೋದು ಅವನು, ಹಾಡೋದು ಅವನು, ಲೀಡ್ ಗಿಟಾರೂ ಅವನದೇ. ಅದಕ್ಕೆ ಬೇಜಾರಿಲ್ಲ. ಅವನ ಗಂಟಲು ನಿಜಕ್ಕೂ ಚೆನ್ನಾಗಿದೆ. ಆದರೆ ಹೋದ ಭಾನುವಾರ ರೆಕಾರ್ಡಿಂಗ್‌ನಲ್ಲಿ, "ಅಣ್ಣಾ, ಕೋರಸ್ಸೂ ನಾನೇ ಹಾಡ್ಕೋತೀನಿ, ನೀವ್ಯಾರೂ ಬೇಡ" ಅಂದ. ಡ್ರಮ್ಮರ್ ಕೋಲು ಕೆಳಗಿಟ್ಟು ಟೀಗೆ ಹೋದವನು ವಾಪಸ್ ಬರಲಿಲ್ಲ. ನಾವಿಬ್ಬರೂ ಒಂದೇ ಬೈಕ್‌ನಲ್ಲಿ ಮನೆಗೆ ಬಂದೆವು, ಒಂದು ಮಾತಿಲ್ಲ. ಅಮ್ಮ ಸಾರು ಬಡಿಸುತ್ತಾ "ಏನ್ರೋ ಆಯ್ತು?" ಅಂದರೆ ಇಬ್ಬರದೂ ಒಂದೇ ಉತ್ತರ, "ಏನಿಲ್ಲ".

ಅಣ್ಣ ತಮ್ಮ ಇದ್ದ ಬೇರೆ ಬ್ಯಾಂಡ್‌ಗಳು ಇದನ್ನೆಲ್ಲ ಹೇಗೆ ದಾಟಿದವು?

ಹಳೇ ಕ್ಯಾಸೆಟ್:
ಕೋರಸ್ ಮಾತು ಓದಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ಅನ್ನೋ ಅಮೆರಿಕದ ರಾಕ್ ಬ್ಯಾಂಡ್‌ನಲ್ಲಿ 1968ರಲ್ಲೇ ಇದು ನಡೆದಿದೆ!

ಕ್ಯಾಲಿಫೋರ್ನಿಯಾದ ಎಲ್ ಸೆರಿಟೊ ಊರಿನವರು. ಮೊದಲು ಹಾಡುತ್ತಿದ್ದವನು ಅಣ್ಣ ಟಾಮ್ ಫೋಗರ್ಟಿ. ತಮ್ಮ ಜಾನ್ ಮತ್ತು ಅವನ ಇಬ್ಬರು ಸ್ಕೂಲ್ ಗೆಳೆಯರು ಹಿಂದೆ ನುಡಿಸುತ್ತಿದ್ದರು. ರೆಕಾರ್ಡಿನ ಮೇಲೂ ಅಣ್ಣನ ಹೆಸರೇ ಮೊದಲು: ಟಾಮಿ ಫೋಗರ್ಟಿ ಅಂಡ್ ದ ಬ್ಲೂ ವೆಲ್ವೆಟ್ಸ್. ಆಮೇಲೆ ಜಾನ್‌ನ ಆ ಒರಟು ಗಂಟಲು ಹೊರಬಂತು. ಟಾಮ್ ಮೈಕ್ ಬಿಟ್ಟು ರಿದಂ ಗಿಟಾರ್ ಹಿಡಿದ. ನಿಮ್ಮ ಹಾಗೆಯೇ.

'ಪ್ರೌಡ್ ಮೇರಿ' ರೆಕಾರ್ಡ್ ಮಾಡುವಾಗ ಉಳಿದವರ ಕೋರಸ್ ಜಾನ್‌ಗೆ ಹಿಡಿಸಲಿಲ್ಲ. ಎಲ್ಲ ದನಿಯನ್ನೂ ತಾನೇ ಹಾಡಿ ಒಂದರ ಮೇಲೊಂದು ಕೂರಿಸಿದ. ಜಗಳವಾಯಿತು. ಹಾಡು ಅಮೆರಿಕದ ಬಿಲ್‌ಬೋರ್ಡ್ ಹಿಟ್ ಹಾಡುಗಳ ಪಟ್ಟಿಯಲ್ಲಿ 2ನೇ ಸ್ಥಾನಕ್ಕೇರಿತು. ಅಲ್ಲಿಗೆ ಅಣ್ಣನ ಬಾಯಿ ಕಟ್ಟಿತು. ಗೆದ್ದ ತಮ್ಮನ ಹತ್ತಿರ ಏನಂತ ವಾದ ಮಾಡೋದು? 1969 ಒಂದೇ ವರ್ಷದಲ್ಲಿ ಮೂರು ಆಲ್ಬಂ ಬಂದವು. ಬರೆಯೋದು, ಹಾಡೋದು, ಪ್ರೊಡ್ಯೂಸ್ ಮಾಡೋದು, ವ್ಯವಹಾರ ನೋಡೋದು, ಎಲ್ಲ ಜಾನ್. ಜನ 'ಒನ್ಸ್ ಮೋರ್' ಅಂತ ಕೂಗಿದರೂ ಮತ್ತೆ ವೇದಿಕೆಗೆ ಹೋಗಬಾರದು ಅನ್ನೋದೂ ಅವನದೇ ತೀರ್ಮಾನ. 1971ರ ಆರಂಭದಲ್ಲಿ ಟಾಮ್ ಹೊರನಡೆದ.

ಪಾಲು ಸಿಕ್ಕಿದ್ದು ಉಳಿದಿಬ್ಬರಿಗೆ, ಅದೂ 1972ರಲ್ಲಿ. 'ಮಾರ್ಡಿ ಗ್ರಾ' ಆಲ್ಬಂನಲ್ಲಿ ಬಾಸ್‌ನವನೂ ಡ್ರಮ್ಮರೂ ಬರೆದು ಹಾಡಿದರು. ವಿಮರ್ಶಕರು ಉಗಿದರು. ಅದೇ ವರ್ಷ ಬ್ಯಾಂಡ್ ಮುಗಿಯಿತು. ಅಷ್ಟು ವರ್ಷ ಅಭ್ಯಾಸಕ್ಕೇ ಬಿಡದೆ ಒಂದು ದಿನ "ತಗೋ, ಹಾಡು" ಅಂದರೆ ಇನ್ನೇನಾಗುತ್ತೆ?

1980ರಲ್ಲಿ ಟಾಮ್ ಮದುವೆಯಲ್ಲಿ ನಾಲ್ವರೂ ಒಟ್ಟಿಗೆ ನುಡಿಸಿದ್ದರು. ಆದರೂ 1990ರಲ್ಲಿ, 48ನೇ ವಯಸ್ಸಿಗೆ ಅವನು ತೀರಿಕೊಂಡಾಗ ಅಣ್ಣ ತಮ್ಮ ಪೂರ್ತಿ ರಾಜಿಯಾಗಿರಲಿಲ್ಲ.

ಮೂರನೇ ತಂತಿ:
ಸುಮ್ನೆ ಹೆದರಿಸಬೇಡಿ ಮಾರಾಯ್ರೆ. ಕಿಂಕ್ಸ್ ಬ್ಯಾಂಡ್ ಇಲ್ವಾ? ಲಂಡನ್ನಿನ ರೇ ಮತ್ತು ಡೇವ್ ಡೇವಿಸ್. ಆರು ಜನ ಅಕ್ಕಂದಿರ ಮೇಲೆ ಹುಟ್ಟಿದ ಎರಡು ಗಂಡು. ಹಾಡು ಹೆಚ್ಚಾಗಿ ಅಣ್ಣ ರೇ ಬರೆದದ್ದು. ಆದರೆ 1964ರಲ್ಲಿ ಅವರನ್ನು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ತಂದ ಹಾಡಿನ ಆ ಕರಕರ ಗಿಟಾರ್, 17 ವರ್ಷದ ಡೇವ್‌ನದು. ಸಣ್ಣ ಆಂಪ್ಲಿಫೈಯರಿನ ಸ್ಪೀಕರ್ ಕೋನನ್ನು ಬ್ಲೇಡಿನಿಂದ ಸೀಳಿ ಆ ಸದ್ದು ತಂದಿದ್ದ. ಕಚ್ಚಾಡಿಕೊಂಡೇ ಮೂವತ್ತು ವರ್ಷಕ್ಕಿಂತ ಜಾಸ್ತಿ ಎಳೆದರು. ನೀವೂ ನಿಮ್ಮದೇ ಅನ್ನೋ ಒಂದು ಸದ್ದು ಹುಡುಕಿಕೊಳ್ಳಿ. ಕೋರಸ್ ಹಾಳಾಗಿ ಹೋಗಲಿ.

ರಿದಂ ಗಿಟಾರ್:
ಇಬ್ಬರಿಗೂ ಥ್ಯಾಂಕ್ಸ್. ತಮ್ಮನಿಗೆ ಏನೂ ಹೇಳದೆ ಹೆಡ್‌ಫೋನ್ ಕೊಟ್ಟು 'ಪ್ರೌಡ್ ಮೇರಿ' ಕೇಳಿಸಿದೆ. ಆಮೇಲೆ ಈ ಕಥೆ ಓದಲು ಕೊಟ್ಟೆ. ಪೂರ್ತಿ ಓದಿ, "ಆದ್ರೂ ಕೋರಸ್ ಚೆನ್ನಾಗಿದೆ ಅಲ್ವಾ ಅಣ್ಣಾ?" ಅಂದ.

ಡ್ರಮ್ಮರ್ ಇನ್ನೂ ಫೋನ್ ಎತ್ತುತ್ತಿಲ್ಲ.