ಕೆನಡಾದ ಹಳ್ಳಿಗಾಡಿನ ಆರ್‌ಎಂನಲ್ಲಿ ಮನೆ ಅಗ್ಗ ಅಂತ ಹೊರಡುವ ಮುಂಚೆ

ಟೊರೊಂಟೊ ಕಡೆ ಬಾಡಿಗೆ ಕಟ್ಟಿ ಸಾಕಾಗಿದೆ, ಮನೆಯವರಿಗೆ ಸಸ್ಕಾಚೆವನ್ ಪ್ರಾಂತ್ಯದ ಸಣ್ಣ ಊರೊಂದರಲ್ಲಿ ನರ್ಸ್ ಕೆಲಸ ಸಿಕ್ಕಿದೆ, ಅಲ್ಲೇ ಪಕ್ಕದ ಆರ್‌ಎಂನಲ್ಲಿ (ಊರಾಚೆಯ ಹಳ್ಳಿಗಾಡಿನಲ್ಲಿ) ದೊಡ್ಡ ಜಾಗದ ಸಮೇತ ಮನೆ ಅಗ್ಗಕ್ಕೆ ಬಂದಿದೆ, ಮಕ್ಕಳನ್ನು ಕಟ್ಟಿಕೊಂಡು ಹೋಗಬಹುದಾ ಅಂತ ಕೇಳಿದ್ದೀರಿ. ನಾವು ಅದೇ ಪ್ರಾಂತ್ಯದ ನೈಋತ್ಯ ಮೂಲೆಯಲ್ಲಿದ್ದೇವೆ, ನಮಗೂ ಇಬ್ಬರು ಮಕ್ಕಳು. ನನ್ನ ಉತ್ತರ ಇಷ್ಟೇ. ಕೆಲಸಕ್ಕೆ ಹೂಂ ಅನ್ನಿ. ಆ ಮನೆ ಈಗಲೇ ಬೇಡ. ಮೊದಲ ಚಳಿಗಾಲ ಊರೊಳಗೆ ಬಾಡಿಗೆಗಿರಿ.

ಇಲ್ಲಿ ಆರ್‌ಎಂ, ಅಂದರೆ ರೂರಲ್ ಮುನಿಸಿಪಾಲಿಟಿ, ನಮ್ಮ ಗ್ರಾಮ ಪಂಚಾಯಿತಿ ಥರ. ಅಧ್ಯಕ್ಷರ ಜಾಗದಲ್ಲಿ ರೀವ್, ಒಂದೊಂದು ಡಿವಿಜನ್‌ಗೆ ಒಬ್ಬ ಕೌನ್ಸಿಲರ್. ವಿಸ್ತಾರ ಮಾತ್ರ ತಾಲ್ಲೂಕಿನಷ್ಟು. ಮಾಮೂಲಿ ಆರ್‌ಎಂ ಅಂದರೆ 18 ಮೈಲಿ ಉದ್ದ, 18 ಮೈಲಿ ಅಗಲ. ಇಂಥವು ಪ್ರಾಂತ್ಯದಲ್ಲಿ 300ರ ಹತ್ತಿರ ಇವೆ. ನಮ್ಮ ಕಡೆ ಗ್ಲೆನ್ ಮ್ಯಾಕ್‌ಫರ್ಸನ್ ನಂಬರ್ 46 ಅಂತ ಒಂದಿದೆ. 2016ರ ಜನಗಣತಿಯಲ್ಲಿ ಅಲ್ಲಿದ್ದವರು ಒಟ್ಟು 72 ಜನ! ನಮ್ಮಲ್ಲಿ ಒಂದು ಗೃಹಪ್ರವೇಶಕ್ಕೆ ಇದಕ್ಕಿಂತ ಜಾಸ್ತಿ ಜನ ಸೇರುತ್ತಾರೆ, ಅಲ್ವಾ?

ಆದರೆ ಆ ಸಂಖ್ಯೆ ನೋಡಿ ಹೆದರಬೇಡಿ. ಆರ್‌ಎಂ ಲೆಕ್ಕದಲ್ಲಿ ಅದರ ಮಧ್ಯೆ ಇರುವ ಟೌನು, ವಿಲೇಜು ಸೇರುವುದಿಲ್ಲ. ಅವುಗಳ ಆಡಳಿತವೂ ಬೇರೆ, ಜನಗಣತಿಯೂ ಬೇರೆ. ಶಾಲೆ, ಅಂಗಡಿ, ಆಸ್ಪತ್ರೆ, ಸ್ಕೇಟಿಂಗ್ ರಿಂಕ್ ಎಲ್ಲ ಇರುವುದು ಈ ಊರುಗಳಲ್ಲಿ. ಹಾಗಾಗಿ ಆರ್‌ಎಂನಲ್ಲಿ ಎಷ್ಟು ಜನ ಅನ್ನುವುದು ಬಿಡಿ. ನೀವು ನೋಡಿರುವ ಮನೆಯಿಂದ ಆ ಊರಿಗೆ ಎಷ್ಟು ದೂರ, ಅದರಲ್ಲಿ ಜಲ್ಲಿ ರಸ್ತೆ ಎಷ್ಟು, ಅದನ್ನು ಕೇಳಿ.

ಇಷ್ಟು ಖಾಲಿ ಯಾಕೆ ಅಂದರೆ, 1872ರ ಕಾನೂನಿನಲ್ಲಿ ಸರ್ಕಾರ ಹತ್ತು ಡಾಲರ್ ಶುಲ್ಕಕ್ಕೆ 160 ಎಕರೆ ಕೊಟ್ಟು ಜನರನ್ನು ಕರೆಸಿತು. ಸೆಕ್ಷನ್ ಅಂದರೆ ಸರ್ವೆಯ ಒಂದು ಚದರ ಮೈಲಿ, ಆಗ ಕಾಲು ಸೆಕ್ಷನ್‌ಗೆ ಒಂದು ಕುಟುಂಬ. 1930ರ ದಶಕದ ಬರಗಾಲದಲ್ಲಿ ತುಂಬಾ ಜನ ಗಂಟುಮೂಟೆ ಕಟ್ಟಿದರು. ಆಮೇಲೆ ಯಂತ್ರ ದೊಡ್ಡದಾದ ಹಾಗೆ ಹೊಲವೂ ದೊಡ್ಡದಾಯಿತು. ಈಗ ಒಂದೇ ಮನೆಯವರು ಸಾವಿರಾರು ಎಕರೆ ಮಾಡುತ್ತಾರೆ. ಇಡೀ ಪ್ರಾಂತ್ಯ ಕರ್ನಾಟಕದ ಮೂರು ಪಟ್ಟಿಗಿಂತ ದೊಡ್ಡದು. ಜನ 2021ರಲ್ಲಿ 11 ಲಕ್ಷ ಚಿಲ್ಲರೆ.

ಈಗ ಮುಖ್ಯ ವಿಷಯ, ಚಳಿಗಾಲ. ಆರ್‌ಎಂನವರು ಗ್ರೇಡರ್ ಓಡಿಸಿ ರಸ್ತೆಯ ಹಿಮ ತೆಗೆಯುತ್ತಾರೆ. ರಸ್ತೆಯಿಂದ ನಿಮ್ಮ ಬಾಗಿಲ ತನಕ ಇರುವ ದಾರಿ ನಿಮ್ಮದೇ ತಲೆನೋವು. ನೀರು ಬಾವಿಯದೋ, ಟ್ಯಾಂಕರ್‌ನಲ್ಲಿ ತಂದು ತುಂಬಿಸುವುದೋ ಅಂತ ಮನೆ ಮಾರುವವರನ್ನು ಕೇಳಲೇಬೇಕು. ಕಾರಿಗೆ ಎಂಜಿನ್ ಬೆಚ್ಚಗಿಡುವ ಬ್ಲಾಕ್ ಹೀಟರ್ ಬೇಕು. ಇಲ್ಲಿ ಎಲ್ಲ ಕಾರುಗಳ ಮೂತಿಯಿಂದ ಒಂದು ಪ್ಲಗ್ ನೇತಾಡುತ್ತಿರುತ್ತದೆ. ರಾತ್ರಿ ಮೈನಸ್ 35 ಇದ್ದಾಗ ಅದನ್ನು ಕರೆಂಟಿಗೆ ಹಾಕಿಟ್ಟರೆ ಬೆಳಗ್ಗೆ ಗಾಡಿ ಸ್ಟಾರ್ಟ್ ಆಗುತ್ತದೆ. ನಿಮ್ಮ ಟೊರೊಂಟೊ ಕಾರಿಗೆ ಅದು ಇದೆಯಾ ನೋಡಿಕೊಳ್ಳಿ.

ಇನ್ನೊಂದು, ಮನೆಯಲ್ಲಿ ಇಬ್ಬರಿಗೂ ಡ್ರೈವಿಂಗ್ ಬರಬೇಕು. ಪ್ರಾಂತ್ಯದ ಸರ್ಕಾರಿ ಬಸ್ 2017ರಲ್ಲೇ ನಿಂತಿತು, ಗ್ರೇಹೌಂಡ್ ಅನ್ನುವ ಖಾಸಗಿ ಬಸ್ 2018ರಲ್ಲಿ ಹೋಯಿತು. ಮನೆಯವರು ನೈಟ್ ಶಿಫ್ಟ್‌ಗೆ ಕಾರು ತಗೊಂಡು ಹೋದರೆ ನೀವು ಮಕ್ಕಳ ಜೊತೆ ಅಲ್ಲೇ ಬಾಕಿ. ಅಂದರೆ ಎರಡು ಕಾರು. ಅಗ್ಗದ ಮನೆಯಲ್ಲಿ ಉಳಿದ ದುಡ್ಡು ಇದಕ್ಕೇ ಹೋಗುತ್ತದೆ.

ಹೊಲದ ಮಧ್ಯೆ ಇರುವ ಮನೆಗೆ ಬೀದಿ ಹೆಸರು ಅಂತ ಇರಬೇಕೆಂದಿಲ್ಲ. ‘ನಾರ್ತ್‌ವೆಸ್ಟ್ 22-5-9, ವೆಸ್ಟ್ ಆಫ್ ಥರ್ಡ್’ ಅಂತ ಸರ್ವೆ ಲೆಕ್ಕ ಹೇಳುತ್ತಾರೆ. ಸೆಕ್ಷನ್‌ನ ಯಾವ ಮೂಲೆ, ಸೆಕ್ಷನ್ ನಂಬರ್, ಟೌನ್‌ಶಿಪ್ (ದಕ್ಷಿಣದಿಂದ ಎಷ್ಟನೇ ಸಾಲು), ರೇಂಜ್ (ಮೆರಿಡಿಯನ್‌ನಿಂದ ಪಶ್ಚಿಮಕ್ಕೆ ಎಷ್ಟನೇ ಸಾಲು), ಕೊನೆಗೆ ಮೂರನೇ ಮೆರಿಡಿಯನ್‌ನ, ಅಂದರೆ ಸರ್ವೆಯ ಉತ್ತರ-ದಕ್ಷಿಣ ಗೆರೆಯ, ಪಶ್ಚಿಮ. ಎಲ್ಲಿಗೆ ಹೋದರೂ ನಿಮ್ಮ ಮನೆಯದನ್ನು ದೊಡ್ಡಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ, ಮಕ್ಕಳಿಗೆ ಮಗ್ಗಿ ಹೇಳಿಸಿದ ಹಾಗೆ ಬಾಯಿಪಾಠ ಮಾಡಿಸಿ. 911ಕ್ಕೆ ಫೋನ್ ಮಾಡಿದಾಗ ಅದೇ ಬೇಕಾಗುತ್ತದೆ. ಸಣ್ಣ ಊರಿನ ಆಸ್ಪತ್ರೆಯಲ್ಲಿ ಡಾಕ್ಟರ್ ಅಥವಾ ನರ್ಸ್ ಇಲ್ಲದೆ ಎಮರ್ಜೆನ್ಸಿ ಮುಚ್ಚಿರುವ ದಿನಗಳೂ ಇರುತ್ತವೆ. ಅದಕ್ಕೇ ತಾನೇ ನಿಮ್ಮ ಮನೆಯವರಿಗೆ ಕೆಲಸ ಸಿಕ್ಕಿದ್ದು!

ಮಕ್ಕಳ ವಿಷಯಕ್ಕೆ ಬಂದರೆ, ಎಂಟು ವರ್ಷದೊಳಗಿನ ಮಗುವಾದರೆ ಕಣ್ಣುಮುಚ್ಚಿ ಬನ್ನಿ. ಎರಡು ತರಗತಿ ಒಂದೇ ಕೋಣೆಯಲ್ಲಿ ಕೂತಿರುತ್ತವೆ, ಟೀಚರ್‌ಗೆ ಪ್ರತಿ ಮಗುವಿನ ಅಜ್ಜಿ ಯಾರೆಂದೂ ಗೊತ್ತು. ಆಟದಲ್ಲಿ ನಿಮ್ಮ ಮಗು ಚೆನ್ನಾಗಿ ಆಡುತ್ತದಾ ಅಂತ ಯಾರೂ ಕೇಳುವುದಿಲ್ಲ, ತಂಡ ತುಂಬಬೇಕಲ್ಲ! ಕೆನಡಾದ ಫುಟ್‌ಬಾಲ್‌ಗೆ (ಚೆಂಡು ಕೈಯಲ್ಲಿ ಹಿಡಿದು ಓಡುವ ಆಟ) ಬೇಕಾದ ಹನ್ನೆರಡು ಜನ ಸಿಗುವುದು ಕಷ್ಟ ಅಂತ ಇಲ್ಲಿನ ಸಣ್ಣ ಹೈಸ್ಕೂಲುಗಳಲ್ಲಿ ಆರೇ ಜನರ ಫುಟ್‌ಬಾಲ್ ಆಡುತ್ತಾರೆ. ನಮ್ಮ ದೊಡ್ಡವನು ಟೊರೊಂಟೊದಲ್ಲಾಗಿದ್ದರೆ ಬೆಂಚು ಕಾಯುತ್ತಿದ್ದ.

ಹದಿನಾಲ್ಕು ದಾಟಿದ ಮಗುವಾದರೆ ಯೋಚನೆ ಮಾಡಿ. ದೊಡ್ಡ ಕ್ಲಾಸಿನ ಕೆಲವು ವಿಷಯಗಳಿಗೆ ಶಾಲೆಯಲ್ಲಿ ಟೀಚರ್ ಇರುವುದಿಲ್ಲ, ಆನ್‌ಲೈನ್‌ನಲ್ಲಿ ತಗೋಬೇಕು. ಅದಕ್ಕಂತಲೇ 2023ರಲ್ಲಿ ಕೆನಾಸ್ಟನ್ ಅನ್ನುವ ಹಳ್ಳಿಯಲ್ಲಿ ಪ್ರಾಂತ್ಯದ ದೂರಶಿಕ್ಷಣ ಕೇಂದ್ರ ಶುರುವಾಗಿದೆ. ತಾನಾಗಿ ಕೂತು ಓದುವ ಮಗುವಿಗೆ ತೊಂದರೆ ಇಲ್ಲ. ಗೆಳೆಯರ ಗುಂಪು ಬಿಟ್ಟು ಬಂದ ಸಿಟ್ಟಿನಲ್ಲಿರುವ ಮಗುವಿಗೆ ಅದು ಶಿಕ್ಷೆ. ಹೊಲದ ಮನೆಯಾದರೆ ಸ್ಕೂಲ್ ಬಸ್ಸಿನಲ್ಲಿ ಹೋಗಿಬರುವುದಕ್ಕೇ ದಿನದಲ್ಲಿ ಎಷ್ಟೋ ಹೊತ್ತು ಬೇಕು, ಹಿಮಗಾಳಿ ಎದ್ದರೆ ಬಸ್ಸೇ ಬರುವುದಿಲ್ಲ. ನಾನು ಊರೊಳಗೆ ಇರಿ ಅನ್ನುವುದಕ್ಕೆ ದೊಡ್ಡ ಕಾರಣ ಇದೇ.

‘ಅಲ್ಲಿ ಕನ್ನಡ ಎಲ್ಲಿ ಸಿಗುತ್ತೆ’ ಅಂತ ಇನ್ನೊಬ್ಬರು ಕೇಳಿದ್ದಾರೆ. ಬೇಜಾರು ಮಾಡಿಕೊಳ್ಳಬೇಡಿ, ದೊಡ್ಡ ಊರಿನ ಸಂಘಗಳಲ್ಲಿ ರಾಜ್ಯೋತ್ಸವದ ದಿನ ಮಕ್ಕಳು ಸ್ಟೇಜ್ ಇಳಿದ ತಕ್ಷಣ ಯಾವ ಭಾಷೆಯಲ್ಲಿ ಮಾತಾಡುತ್ತಾರೆ? ಇಲ್ಲಿ ಮನೆ ಬಿಟ್ಟರೆ ಬೇರೆ ದಾರಿಯೇ ಇಲ್ಲ ಅಂತ ಗೊತ್ತಿರುವುದರಿಂದ ನಾವು ಬಿಗಿಯಾಗಿದ್ದೇವೆ. ಸಸ್ಕಾಚೆವನ್‌ನಲ್ಲಿ ಗಡಿಯಾರ ಹಿಂದೆ ಮುಂದೆ ಮಾಡುವ ಗೋಜಿಲ್ಲ. ವರ್ಷವಿಡೀ ಇಲ್ಲಿ ಸಂಜೆ ಏಳೂವರೆ ಅಂದರೆ ಊರಲ್ಲಿ ಬೆಳಗ್ಗೆ ಏಳು. ಅಜ್ಜಿ ಕಾಫಿ ಲೋಟ ಹಿಡಿದು ಫೋನಿಗೆ ಬರುತ್ತಾರೆ, ಚಿಕ್ಕವಳು ಊಟ ಮಾಡುತ್ತಾ ಶಾಲೆಯ ಕಥೆ ಹೇಳುತ್ತಾಳೆ. ಅಜ್ಜಿಗೆ ಇಂಗ್ಲಿಷ್ ಬರದಿರುವುದು ನಮ್ಮ ಪುಣ್ಯ.

ನಮ್ಮ ಅಡಿಗೆ ಸಾಮಾನು ಅಲ್ಲಿ ಸಿಗುತ್ತಾ ಅಂತ ಕೇಳಿದವರಿಗೆ: ಕೆನಡಾದ ಮಸೂರ ಬೇಳೆಯಲ್ಲಿ ಹೆಚ್ಚಿನ ಪಾಲು ಬೆಳೆಯುವುದು ಇದೇ ಪ್ರಾಂತ್ಯದಲ್ಲಿ. ಭಾರತ ದೊಡ್ಡ ಗಿರಾಕಿ. 2017ರ ಕೊನೆಯಲ್ಲಿ ದೆಹಲಿಯಲ್ಲಿ ಆಮದು ಸುಂಕ ಹಾಕಿದಾಗ ಇಲ್ಲಿನ ರೈತರು ತಲೆ ಮೇಲೆ ಕೈ ಹೊತ್ತಿದ್ದರು. ಆದರೆ ನಮ್ಮ ಸಾರಿಗೆ ಬೇಕಾದ ತೊಗರಿ ಇಲ್ಲಿ ಬೆಳೆಯುವುದಿಲ್ಲ. ಪ್ರಾಂತ್ಯದ ರಾಜಧಾನಿ ರೆಜೈನಾಕ್ಕೆ ಹೋದಾಗ ಚೀಲಗಟ್ಟಲೆ ತರುತ್ತೇವೆ, ಸಾರಿನಪುಡಿ ಅಮ್ಮ ಕಳಿಸುತ್ತಾರೆ.

ಕೊನೆಗೆ ಜಾಗದ ಮಾತು. ನೀವಿನ್ನೂ ವರ್ಕ್ ಪರ್ಮಿಟ್‌ನಲ್ಲಿದ್ದರೆ ಇಲ್ಲಿನ ಕಾನೂನಿನ ಪ್ರಕಾರ 10 ಎಕರೆಗಿಂತ ಜಾಸ್ತಿ ಕೃಷಿಭೂಮಿ ಕೊಳ್ಳುವ ಹಾಗಿಲ್ಲ. ಪಿಆರ್ (ಖಾಯಂ ನಿವಾಸಿ) ಅಥವಾ ಸಿಟಿಜನ್ ಆಗಿರಬೇಕು. ಏಜೆಂಟ್ ಮಾತು ನಂಬಿ ಅಡ್ವಾನ್ಸ್ ಕೊಡಬೇಡಿ, ಲಾಯರ್ ಹತ್ತಿರ ಕೇಳಿ.

ಯಾವ ಊರಿನ ಆಸ್ಪತ್ರೆ, ದೊಡ್ಡ ಮಗು ಎಷ್ಟನೇ ಕ್ಲಾಸು, ಇವೆರಡು ತಿಳಿಸಿ. ಆ ಕಡೆ ನಮಗೆ ಗೊತ್ತಿರುವ ಮಲಯಾಳಿ, ಫಿಲಿಪಿನೋ ನರ್ಸ್‌ಗಳಿದ್ದಾರೆ. ಬಾಡಿಗೆ ಮನೆ ಯಾವುದಾದರೂ ಖಾಲಿ ಇದೆಯಾ ಅಂತ ವಿಚಾರಿಸುತ್ತೇನೆ.