ಆಫೀಸ್ ಫೋನ್: ಕೆಂಪು ದೀಪ ಆರುತ್ತಿಲ್ಲ, ಸ್ಪೀಡ್ ಡಯಲ್ ಎಲ್ಲಿ?

ಪ್ರಶ್ನೆ:
ನಾನು ಆಸ್ಪತ್ರೆಯ ರಿಸೆಪ್ಷನ್‌ನಲ್ಲಿದ್ದೇನೆ. ಮೇಜಿನ ಮೇಲೆ ಸಿಸ್ಕೋ 7841 ಫೋನ್ ಇದೆ. ರಿಸೀವರ್ ಮೇಲಿನ ಕೆಂಪು ದೀಪ ಬೆಳಿಗ್ಗೆಯಿಂದ ಉರೀತಾನೇ ಇದೆ. ಯಾರೋ ರೋಗಿಯ ಮನೆಯವರು ಏನೋ ಹೇಳಿಟ್ಟಿರಬಹುದು, ಅದು ನನಗೆ ಕೇಳಿಸಲೇಬೇಕು. ಇನ್ನೊಂದು, ಐಸಿಯು, ಲ್ಯಾಬ್, ಔಷಧಿ ಕೌಂಟರ್‌ಗೆ ಪ್ರತಿ ಸಲ ನಂಬರ್ ಹುಡುಕಿ ಒತ್ತೋದು ಬೇಡ ಅನಿಸಿದೆ. ತುರ್ತಿನಲ್ಲಿ ಕೈ ತಡವರಿಸುತ್ತೆ.

ಉತ್ತರ 1:
ದೀಪ ಅಂದ್ರೆ ಹೊಸ ವಾಯ್ಸ್‌ಮೇಲ್ ಇದೆ ಅಂತ. ಲಕೋಟೆ ಚಿತ್ರದ ಬಟನ್ ಒತ್ತಿ, ಪಿನ್ ಹಾಕಿ, ಹೇಳಿದ ಹಾಗೆ ಮಾಡಿ. ಎಲ್ಲ ಹೊಸ ಮೆಸೇಜ್ ಕೇಳಿದ ಮೇಲೆ ದೀಪ ಆರುತ್ತೆ. ಪಿನ್ ಗೊತ್ತಿಲ್ಲದಿದ್ದರೆ ಐಟಿಯವರಿಂದ ರೀಸೆಟ್ ಮಾಡಿಸಿ.

ಉತ್ತರ 2:
ಸ್ಪೀಡ್ ಡಯಲ್ (ಪೂರ್ತಿ ನಂಬರ್ ಒತ್ತದೆ ಒಂದು ಬಟನ್ ಅಥವಾ ಚಿಕ್ಕ ಕೋಡ್‌ನಿಂದ ಕರೆ ಮಾಡೋದು) ಅನ್ನು ಕಂಪ್ಯೂಟರ್‌ನಲ್ಲಿ ಸೆಲ್ಫ್ ಕೇರ್ ಪೋರ್ಟಲ್ (ನಿಮ್ಮ ಫೋನ್ ಸೆಟ್ಟಿಂಗ್ ಬದಲಿಸುವ ವೆಬ್ ಪುಟ) ತೆರೆದು ಸೇರಿಸಬೇಕು. ಹೊರಗಿನ ನಂಬರ್ ಆದರೆ ಹೊರಗಿನ ಲೈನ್‌ಗೆ ಒತ್ತುವ ಅಂಕಿಯನ್ನೂ ಮುಂದೆ ಹಾಕಿ, ಇಲ್ಲಾಂದ್ರೆ ಕರೆ ಹೋಗಲ್ಲ. ಪರದೆ ಪಕ್ಕದ ಬಟನ್‌ಗಳು ನಾಲ್ಕೇ, ಅದರಲ್ಲಿ ಒಂದು ನಿಮ್ಮ ಲೈನ್‌ಗೆ. ಐಸಿಯುಗೆ ಬಟನ್ ಕೊಡಿ, ಅದರಲ್ಲಿ ಚೌಕಾಸಿ ಬೇಡ. ಉಳಿದವಕ್ಕೆ ಕೋಡ್ ಸಾಕು: ರಿಸೀವರ್ ಎತ್ತದೆ ಪೋರ್ಟಲ್‌ನಲ್ಲಿ ಆ ನಂಬರ್‌ಗೆ ಕೊಟ್ಟ ಕೋಡ್, ಉದಾಹರಣೆಗೆ 5 ಅಂತ ಒತ್ತಿ, ಪರದೆ ಕೆಳಗಿನ ಸ್ಪೀಡ್ ಡಯಲ್ ಕೀ ಒತ್ತಿದರೆ ಆಯ್ತು.

ಪ್ರಶ್ನೆ ಕೇಳಿದವರು:
ಪಿನ್ ಸಿಕ್ಕಿತು, ಮೆಸೇಜ್ ಕೇಳಿದೆ. ಒಬ್ಬ ತಾಯಿ ಮಗುವಿನ ರಿಪೋರ್ಟ್ ಕೇಳಿದ್ದರು, ಕೂಡಲೇ ವಾಪಸ್ ಕರೆ ಮಾಡಿದೆ. ರಾತ್ರಿ ಪಾಳಿಯವರೂ ಇದೇ ಫೋನ್ ಬಳಸ್ತಾರೆ, ಅವರಿಗೂ ಕೋಡ್ ಪಟ್ಟಿ ಬರೆದು ಅಂಟಿಸ್ತೀನಿ.