ಪದ ಬೇಕು (ತುರ್ತು): ಸೌದೆ ಗ್ಯಾಸಿಫೈಯರ್‌ಗೆ ಕನ್ನಡದಲ್ಲಿ ಏನು?

ಗೆಳೆಯರೇ,
ರಾಮನಗರದ ಒಂದು ರೀಲಿಂಗ್ (ರೇಷ್ಮೆ ನೂಲು ತೆಗೆಯುವ) ಘಟಕಕ್ಕೆ ಎಚ್ಚರಿಕೆ ಫಲಕ ಬರೆದುಕೊಡಬೇಕು, ಪೇಂಟರ್ ನಾಳೆ ಬರುತ್ತಾರೆ. ರೇಷ್ಮೆಗೂಡು ಬೇಯಿಸುವ ಹಳೇ ಒಲೆ ತೆಗೆದು ಗ್ಯಾಸಿಫೈಯರ್ (ಸೌದೆಯಿಂದ ಗ್ಯಾಸ್ ಹೊರಡಿಸಿ ಅದನ್ನು ಉರಿಸುವ ಒಲೆ) ಕೂರಿಸಿದ್ದಾರೆ. ಕೈಗೆ ಬಂದ ಅನುವಾದದಲ್ಲಿ ‘ಜೀವರಾಶಿ ಅನಿಲೀಕಾರಕ’ (ಬಯೋಮಾಸ್ ಗ್ಯಾಸಿಫೈಯರ್) ಅಂತಿದೆ. ಸೌದೆ ಹಾಕುವವರಿಗೆ ಅರ್ಥವಾಗಲಿಲ್ಲ. ‘ಜೈವಿಕ ಅನಿಲ ಯಂತ್ರ’ ಆದೀತೇ?

ಮರು:
ಆಗದು. ಜೈವಿಕ ಅನಿಲ ಎಂದರೆ ಗೋಬರ್ ಗ್ಯಾಸ್, ಸಗಣಿ ಕೊಳೆತು ಬರುವ ಮೀಥೇನ್. ಇಲ್ಲಿ ಏನೂ ಕೊಳೆಯುವುದಿಲ್ಲ. ಪೂರ್ತಿ ಉರಿಯಲು ಸಾಲದಷ್ಟೇ ಗಾಳಿ ಕೊಟ್ಟು ಸೌದೆಯಿಂದ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಹೊರಡಿಸುತ್ತಾರೆ. ಇನ್ನು ಜೀವರಾಶಿ ಎಂದರೆ ಎಂಬತ್ನಾಲ್ಕು ಲಕ್ಷ ಜೀವರಾಶಿ, ಸೌದೆಯಲ್ಲ.

ಮರು:
‘ಉರಿಗಾಳಿ ಒಲೆ’ ಎನ್ನಿ. ಉರಿ, ಉರುವಲು ಒಂದೇ ಬೇರಿನವು. ಅನಿಲಕ್ಕೂ ಸಂಸ್ಕ್ರುತದಲ್ಲಿ ಗಾಳಿ ಎಂದೇ ಹುರುಳು. ‘ಗ್ಯಾಸ್’ ಕೂಡ 17ನೆಯ ನೂರೇಡಿನಲ್ಲಿ ವಾನ್ ಹೆಲ್ಮಾಂಟ್ ಎಂಬ ವಿಜ್ಞಾನಿ ಗ್ರೀಕಿನ ಕೇಯಾಸ್‌ನಿಂದ ಕಟ್ಟಿದ ಪದ. ಅವರು ಕಟ್ಟಬಹುದು, ನಾವು ಕಟ್ಟಬಾರದೇ?

ಮರು:
ಉರಿಗಾಳಿ ಬೇಸಿಗೆಯಲ್ಲಿ ರಾಯಚೂರಿನ ಕಡೆ ಬೀಸುವುದು. ಫಲಕ ಓದಿದವರಿಗೆ ಅದೇ ಹೊಳೆಯುತ್ತದೆ.

ಕೇಳಿದವರಿಗೆ ಒಂದು ಮಾತು. ಹೆಸರಿಗಿಂತ ಅದರ ಕೆಳಗಿನ ಎರಡು ಸಾಲು ಮುಖ್ಯ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ; ಮುಚ್ಚಿದ ಕೋಣೆಯಲ್ಲಿ ಸೋರಿದರೆ ಜೀವ ಹೋಗುತ್ತದೆ. ಎರಡನೆಯದು, ಸೌದೆ ಒಣಗಿರಬೇಕು. ಆಗಷ್ಟೇ ಕಡಿದ ಸೌದೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಒಂದು ಕಿಲೋ ನೀರನ್ನು ಆವಿ ಮಾಡಲು ಸುಮಾರು 2.26 ಮೆಗಾಜೂಲ್ ಶಾಖ ಬೇಕು, ಅದಷ್ಟೂ ಗೂಡಿಗೆ ಸಿಗದೆ ಹೋಯಿತು. ನಮ್ಮ ಬಿಸಿಲು ಈ ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತದೆ. ಮಂಡ್ಯದ ಆಲೆಮನೆಗಳಲ್ಲಿ ಕಬ್ಬಿನ ರಚ್ಚನ್ನು (ರಸ ಹಿಂಡಿ ಉಳಿದ ಸಿಪ್ಪೆ) ಹರವಿ ಒಣಗಿಸಿಯೇ ಒಲೆಗೆ ತಳ್ಳುವುದು. ಅವರು ಅದನ್ನು ರಚ್ಚು ಅಂತಲೇ ಕರೆದರು, ಕೆಲಸ ನಿಂತಿಲ್ಲ. ‘ಸೌದೆ ಗ್ಯಾಸ್ ಒಲೆ’ ಎಂದು ಬರೆಸಿ.

ಮರು:
ಸೌದೆ ಸರಿ, ಒಲೆ ಸರಿ. ನಡುವೆ ಇಂಗ್ಲಿಶ್ ಯಾಕೆ? ಹೀಗೇ ಒಂದೊಂದು ಪದ ಬಿಟ್ಟುಕೊಟ್ಟು ಬಂದೆವು.

ಮರು:
‘ಕಾರ್ಖಾನೆ’ ಪದ ಪಾರ್ಸಿ ಭಾಷೆಯದು. ಅದನ್ನೂ ವಾಪಸು ಕೊಡುತ್ತೀರಾ?

ಮರು:
ಎಲ್ಲರಿಗೂ ವಂದನೆ. ಹೀಗೆ ಬರೆಸುತ್ತಿದ್ದೇನೆ:
‘ಸೌದೆ ಗ್ಯಾಸ್ ಒಲೆ. ಒಣ ಸೌದೆ ಮಾತ್ರ ಹಾಕಿ. ಈ ಗ್ಯಾಸು ವಿಷ, ವಾಸನೆ ಬರುವುದಿಲ್ಲ. ಕಿಟಕಿ ಮುಚ್ಚಬೇಡಿ. ತಲೆ ಸುತ್ತಿದರೆ ತಕ್ಷಣ ಹೊರಗೆ ಬನ್ನಿ. ಅಪಾಯ.’

ಮರು:
‘ವಿಷ’ದ ಬದಲು ‘ನಂಜು’ ಎನ್ನಿ. ‘ಅಪಾಯ’ವೂ ಬೇಡ, ‘ಎಚ್ಚರ’ ಸಾಕು.

ಮರು:
ನಂಜು ಎಂದರೆ ಗಾಯಕ್ಕೆ ಏರುವುದು ಅಂದುಕೊಳ್ಳುತ್ತಾರೆ ಸರ್. ಎರಡೂ ಹಾಗೇ ಇರಲಿ.